1948ರ ಹತ್ತು ರೂಪಾಯಿ ಗಾಂಧಿ ಸ್ಟಾಂಪ್ ಕೊಳ್ಳುವವರೇ, ಒಂದು ನಿಮಿಷ ನಿಲ್ಲಿ

ಬಿಟ್ಟಿದ್ದ ಸ್ಟಾಂಪ್ ಹುಚ್ಚು ಮತ್ತೆ ಹತ್ತಿಸಿಕೊಂಡವರು ದಯವಿಟ್ಟು ಇದನ್ನು ಓದಿ. "ತಂದೆಯವರ ಹಳೇ ಆಲ್ಬಮ್, ಅರ್ಜೆಂಟ್ ಮಾರಾಟಕ್ಕಿದೆ" ಅಂತ ಒಬ್ಬ ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಿದ್ದಾನೆ. 1948ರ ಹತ್ತು ರೂಪಾಯಿಯ ಗಾಂಧಿ ಸ್ಟಾಂಪ್. ನನಗೆ ಹನ್ನೆರಡು ಸಾವಿರಕ್ಕೆ ಕೊಟ್ಟ. ಅದು ಖೋಟಾ.

ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರ ಆಫೀಸಿನಲ್ಲಿದ್ದರು. ಅಲ್ಲಿಗೆ ಬಂದ ಕವರುಗಳನ್ನು ಮನೆಗೆ ತರುತ್ತಿದ್ದರು. ನಾನು ನೀರಲ್ಲಿ ನೆನೆಹಾಕಿ, ಸ್ಟಾಂಪ್ ಬಿಡಿಸಿ, ಪೇಪರ್ ಮೇಲೆ ಒಣಗಿಸುತ್ತಿದ್ದೆ. ರಿಟೈರ್ ಆದ ಮೇಲೆ ಆ ಆಲ್ಬಮ್ ಮತ್ತೆ ತೆಗೆದೆ. ಗಾಂಧಿ ಸರಣಿಯ ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮೂರೂ ಇವೆ. ಹತ್ತು ರೂಪಾಯಿಯದು ಮಾತ್ರ ಇಲ್ಲ. ಇದನ್ನು ಅವನಿಗೆ ಹೇಳಿದ್ದೆ. ಅವನಿಗೆ ಅಷ್ಟೇ ಸಾಕಾಯಿತು. "ಅಣ್ಣಾ, ನಿಮ್ಮಂಥವರ ಕೈ ಸೇರಿದ್ರೆ ನಮ್ಮಪ್ಪಂಗೂ ಸಮಾಧಾನ" ಅಂದ. ದುಡ್ಡು ಹಾಕಿದೆ. ಸ್ಪೀಡ್ ಪೋಸ್ಟಿನಲ್ಲಿ ಬಂತು.

ಖುಷಿಗೆ ಮಂಡಿಪೇಟೆಯ ಗೆಳೆಯನ ಅಂಗಡಿಗೆ ಒಯ್ದೆ. ಅವನು ಸುಮ್ನೆ ನೋಟು ಪರೀಕ್ಷೆ ಮಾಡುವ ನೇರಳೆ ಲೈಟಿನ ಕೆಳಗೆ ಇಟ್ಟ. ಕಾಗದ ನೀಲಿ ಹಾಕಿ ಒಗೆದ ಪಂಚೆಯ ಹಾಗೆ ಫಳಫಳ ಹೊಳೆಯಿತು. ಪಕ್ಕದಲ್ಲಿ ನನ್ನ ಒಂದೂವರೆ ಆಣೆ ಇಟ್ಟೆವು. ಅದು ಮಂಕಾಗಿಯೇ ಇತ್ತು. ಹಾಗೇ ಇರಬೇಕು, ಯಾಕಂದ್ರೆ ಕಾಗದಕ್ಕೆ ಹೊಳಪು ಕೊಡುವ ಆ ರಾಸಾಯನಿಕ ಬಳಕೆಗೆ ಬಂದದ್ದೇ ಆಮೇಲೆ. "ಲೇ, ಇದು ಮೊನ್ನೆ ಮೊನ್ನೆಯ ಹಾಳೆ ಕಣಲೇ" ಅಂದ. ಗಿರಾಕಿಗಳೆಲ್ಲ ನೋಡುತ್ತಿದ್ದರು. ಮುಖ ಎತ್ತಲಾಗಲಿಲ್ಲ.

ಮನೆಗೆ ಬಂದು ಮಸೂರ ಹಿಡಿದೆ. ಈ ಸರಣಿಯ ನಾಲ್ಕೂ ಸ್ಟಾಂಪು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಫೋಟೊಗ್ರಾವ್ಯೂರ್ ವಿಧಾನದಲ್ಲಿ, ಅಂದ್ರೆ ಲೋಹದಲ್ಲಿ ಕೊರೆದ ಸಣ್ಣ ಕುಳಿಗಳಿಗೆ ಶಾಯಿ ತುಂಬಿ ಒತ್ತುವ ವಿಧಾನದಲ್ಲಿ ಅಚ್ಚಾದವು. ಅಂಚಿನ ತೂತುಗಳ ಅಳತೆಯೂ ಒಂದೇ, ಎರಡು ಸೆಂಟಿಮೀಟರಿಗೆ 11½. ನನಗೆ ಬಂದದ್ದರ ತೂತು ತಾಳೆಯಾಗಲೇ ಇಲ್ಲ. ಗಾಂಧೀಜಿಯ ಕೆನ್ನೆಯ ಮೇಲೆ ಗುಲಾಬಿ, ನೀಲಿ, ಹಳದಿ ಚುಕ್ಕಿಗಳು! ಕಲರ್ ಪ್ರಿಂಟರಿನ ಚುಕ್ಕಿಗಳು!

ಅವನಿಗೆ ಫೋನ್ ಮಾಡಿದೆ. "ಹಳೇ ಸ್ಟಾಂಪು ಹಾಗೇ ಇರುತ್ತೆ ಸಾರ್" ಅಂದ. ಫೋಟೊ ಕಳಿಸಿದೆ. "ನೀವು ಹೊಸಬರು, ನಿಮಗೆ ಗೊತ್ತಾಗಲ್ಲ." ವಾಪಸ್ ತಗೋ ಅಂದೆ. ಅದಕ್ಕೆ ಬಂದ ಉತ್ತರ ನೋಡಿ: "ನಾನು ಕಳಿಸಿದ್ದು ಅಸಲಿ. ನೀವೇ ಬದಲಾಯಿಸಿ ನಕಲಿ ತೋರಿಸ್ತಿಲ್ಲ ಅಂತ ಏನ್ರೀ ಗ್ಯಾರಂಟಿ?" ನನ್ನನ್ನೇ ಕಳ್ಳ ಮಾಡಿದ! ದುಡ್ಡಿಗಿಂತ ಆ ಮಾತು ಜಾಸ್ತಿ ಉರಿಯುತ್ತಿದೆ. ಅದಾದ ಮೇಲೆ ಬ್ಲಾಕ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ.

ಹತ್ತು ರೂಪಾಯಿ ಗಾಂಧಿ ಬೇಕೆಂದರೆ ತಜ್ಞರ ಸರ್ಟಿಫಿಕೇಟ್ ಕೇಳಿ. ಹಿಂಬದಿಯ ಫೋಟೊ ಕೇಳಿ. ಒಂದೂವರೆ ಆಣೆಯದು ಸುಲಭವಾಗಿ ಸಿಗುತ್ತೆ, ಅದನ್ನು ಪಕ್ಕಕ್ಕಿಟ್ಟು ಹೋಲಿಸಿ. ಕೈಯಲ್ಲಿ ಹಿಡಿದು ನೋಡುವ ತನಕ ಯಾರ ಅಪ್ಪನ ಕಥೆ ಕೇಳಿಯೂ ದುಡ್ಡು ಹಾಕಬೇಡಿ. ಅದರಲ್ಲೂ ಫೋಟೊದಲ್ಲಿ ಸ್ಟಾಂಪಿನ ಕೆಳಗೆ ಹಸಿರು ಚೌಕಳಿ ಬಟ್ಟೆ, ಎಡಕ್ಕೆ ಮುರಿದ ಸ್ಕೇಲಿನ ತುದಿ ಕಂಡರೆ ಅದು ಅವನೇ. ಅದೇ ಫೋಟೊ ಈಗ ಚಿತ್ರದುರ್ಗದ ನನ್ನ ಪರಿಚಯದವರೊಬ್ಬರಿಗೂ ಬೇರೆ ನಂಬರಿನಿಂದ ಬಂದಿದೆ.