ಕುಮಟಾ ಹತ್ತಿರದ ಕಸೂತಿ ಶಿಬಿರ: ಟೇಬಲ್ ಹಾಕಿದವಳ ಲೆಕ್ಕ

ಹೊಲಿಯಲು ಹೋಗುವವರಾದರೆ ಈ ಶಿಬಿರಕ್ಕೆ ಧಾರಾಳವಾಗಿ ಹೋಗಿ. ಮಾರಲು ಹೋಗುವವರು ಮಾತ್ರ ದುಡ್ಡು ಕಟ್ಟುವ ಮೊದಲು ಒಂದು ಮಾತು ಕೇಳಿಕೊಳ್ಳಿ: ನಮ್ಮ ಟೇಬಲ್ ಎಲ್ಲಿ ಹಾಕ್ತೀರಿ? ಉಳಿದದ್ದೆಲ್ಲ ಆಮೇಲೆ.

ನಾನು ಶಿರಸಿಯವಳು. ಕಸೂತಿಗೆ, ಕ್ರಾಸ್ ಸ್ಟಿಚ್‌ಗೆ ಚಾರ್ಟ್ ಬರೆಯುತ್ತೇನೆ, ಅಂದರೆ ಯಾವ ಹೊಲಿಗೆ ಎಲ್ಲಿ ಅಂತ ಚೌಕದ ಹಾಳೆಯಲ್ಲಿ ಗುರುತು ಹಾಕುತ್ತೇನೆ. ಬಟ್ಟೆ, ದಾರ, ಸೂಜಿ ಸೇರಿಸಿ ಕಿಟ್ ಮಾಡಿ ಮಾರುತ್ತೇನೆ. ವ್ಯಾಪಾರ ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತದೆ. ಶಿಬಿರದವರು ನನ್ನನ್ನು ಕರೆದದ್ದು ಎರಡು ಕೆಲಸಕ್ಕೆ. ಒಂದು ಬೆಳಿಗ್ಗೆ ಕಸೂತಿಯ ಗವಂತಿ ಹೊಲಿಗೆ ಹೇಳಿಕೊಡಬೇಕು, ಉಳಿದ ಹೊತ್ತು ಅಂಗಡಿ ಇಡಬೇಕು. ಟೇಬಲ್ ಬಾಡಿಗೆ 2,500 ರೂಪಾಯಿ, ಮೇಲೆ ಮಾರಾಟದಲ್ಲಿ ನೂರಕ್ಕೆ ಹತ್ತು ಅವರಿಗೆ. ಊಟ, ವಸತಿಗೆ ನಮ್ಮಿಂದ ಏನೂ ತೆಗೆದುಕೊಳ್ಳಲಿಲ್ಲ. ಕಲಿಸಿದ್ದಕ್ಕೆ ಬೇರೆ ಸಂಭಾವನೆ ಕೊಟ್ಟರು, ಅದೂ ನಾವು ಹೊರಡುವ ಮೊದಲೇ. ಪಾಠದ ದುಡ್ಡಿಗೆ ತಿಂಗಳುಗಟ್ಟಲೆ ಫೋನ್ ಮಾಡಿಸುವವರನ್ನು ನೋಡಿದ ನನಗೆ ಇದು ಸಣ್ಣ ವಿಷಯ ಅಲ್ಲ.

ಜಾಗ ಕುಮಟಾದಿಂದ ಹೊನ್ನಾವರ ಕಡೆ ಹೋಗುವಾಗ, ಹೆದ್ದಾರಿ ಬಿಟ್ಟು ಕಡಲ ಬದಿಗೆ ತಿರುಗಿದರೆ ಸಿಗುವ ಹಳೆಯ ಮನೆ. ಈಗ ಹೋಮ್‌ಸ್ಟೇ ಆಗಿದೆ. ಉದ್ದನೆಯ ಜಗುಲಿ, ಮುಂದೆ ಅಂಗಳ, ಹಿಂದೆ ತೆಂಗಿನ ತೋಟ. ಬೆಂಗಳೂರಿನವರು ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ರಾತ್ರಿ ಹತ್ತಿ ಬೆಳಿಗ್ಗೆ ಕುಮಟಾದಲ್ಲಿ ಇಳಿದರು. ಹುಬ್ಬಳ್ಳಿ, ಧಾರವಾಡದವರು ಕಾರು ಮಾಡಿಕೊಂಡು ಬಂದಿದ್ದರು. ನಾನು ದೇವಿಮನೆ ಘಾಟ್ ಇಳಿದು ಹೋದೆ. ಶಿರಸಿ ಕಡೆಯಿಂದ ಸಾಮಾನು ಹೇರಿಕೊಂಡು ಹೋಗುವವರು ರಸ್ತೆ ತೆರೆದಿದೆಯಾ ಅಂತ ಮೊದಲು ವಿಚಾರಿಸಿ. ಕೆಲಸ ನಡೆಯುವಾಗ ಮುಚ್ಚುವುದುಂಟು.

ಈಗ ಟೇಬಲ್ ಕಥೆ. ಮಾರುವವರಿಗೆಲ್ಲ ಜಾಗ ಕೊಟ್ಟದ್ದು ಮನೆಯ ಪಕ್ಕದ ತಗಡಿನ ಶೆಡ್‌ನಲ್ಲಿ. ಮೊದಲು ಕಾರು ನಿಲ್ಲಿಸುತ್ತಿದ್ದ ಜಾಗ ಇರಬೇಕು, ನೆಲದಲ್ಲಿ ಆಯಿಲ್ ಕಲೆ ಇನ್ನೂ ಇತ್ತು. ಗೋಡೆಗೆ ಮಾವಿನೆಲೆ ತೋರಣ, ಮೇಲೆ ಸಾಲಾಗಿ ಹಳದಿ ಬಲ್ಬು. ಫೋಟೋಕ್ಕೆ ಬಹಳ ಚೆನ್ನಾಗಿ ಕಾಣುತ್ತದೆ. ದಾರ ಮಾರಲು ಮಾತ್ರ ಅಷ್ಟು ಕೆಟ್ಟ ಬೆಳಕು ಇನ್ನೊಂದಿಲ್ಲ. ಹಳದಿ ಬೆಳಕಿನಲ್ಲಿ ಕೆನೆ ಬಣ್ಣ ಮತ್ತು ತಿಳಿ ಹಳದಿ ಒಂದೇ. ಮರೂನ್ ಮತ್ತು ಕಂದು ಒಂದೇ. ಹುಬ್ಬಳ್ಳಿಯ ಒಬ್ಬರು ಐದು ಲಡಿ ದಾರ ಆರಿಸಿಕೊಂಡು, "ಇದರಾಗ ಕೆಂಪು ಯಾವ್ದು, ಮರೂನ್ ಯಾವ್ದು ಹೇಳ್ರೀ ಅಕ್ಕಾರ" ಅಂದರು. ನಾನು ನಂಬರ್ ನೋಡಿ ಹೇಳಿದೆ. ಅವರು ನಂಬಲಿಲ್ಲ. ಸೀದಾ ಅಂಗಳಕ್ಕೆ ಹೋದರು. ಉಟ್ಟ ಇಳಕಲ್ ಸೀರೆಯ ಸೆರಗನ್ನು ಎಡಗೈಗೆ ಸುತ್ತಿಕೊಂಡು, ಅದರ ಮೇಲೆ ಒಂದೊಂದೇ ಲಡಿ ಇಟ್ಟು ಬಿಸಿಲಿಗೆ ಹಿಡಿದರು. ಕಣ್ಣು ಸಣ್ಣ ಮಾಡಿ ನೋಡಿದರು, ಕೈ ತಿರುಗಿಸಿ ನೆರಳಿನಲ್ಲೂ ನೋಡಿದರು. ಮೂರು ವಾಪಸ್ ಬಂತು, ಎರಡು ಮಾರಾಟವಾಯಿತು. ತಪ್ಪು ಅವರದ್ದಲ್ಲ ಬಿಡಿ. ನಾನಾದರೂ ಹಾಗೇ ಮಾಡುತ್ತಿದ್ದೆ.

ಇನ್ನೊಂದು ತೊಂದರೆ, ಶೆಡ್‌ಗೆ ಯಾರೂ ತಾವಾಗಿ ಬರುವುದಿಲ್ಲ. ಎಲ್ಲರೂ ಜಗುಲಿ ಮೇಲೆ ಕಾಲು ಚಾಚಿ ಹೊಲಿಯುತ್ತಾ, ಹರಟುತ್ತಾ ಕೂತಿರುತ್ತಾರೆ. ಕಾರ್ಯಕ್ರಮದ ಪಟ್ಟಿಯಲ್ಲಿ "ಸಂಜೆ ಐದರಿಂದ ಏಳು, ಖರೀದಿ" ಅಂತ ಇತ್ತು. ಸಂಜೆ ಐದಕ್ಕೆ ಕಡಲ ಪಕ್ಕದಲ್ಲಿ ಯಾರಾದರೂ ತಗಡಿನ ಶೆಡ್ ಒಳಗೆ ಬರ್ತಾರಾ? ಎಲ್ಲರೂ ದಂಡೆಗೆ ಹೋದರು. ನಾವು ಮಾರುವವರು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು.

ಮರುದಿನ ಕರೆಂಟ್ ಹೋಯಿತು. ಶೆಡ್ ಪೂರ್ತಿ ಕತ್ತಲು. ಯಾರನ್ನೂ ಕೇಳದೆ ದಾರದ ಬುಟ್ಟಿ ಎತ್ತಿಕೊಂಡು ಹೋಗಿ ಜಗುಲಿಯ ತುದಿಯಲ್ಲಿ ಕೂತೆ. ಊಟದ ಗಂಟೆ ಹೊಡೆಯುವುದರೊಳಗೆ ಹಿಂದಿನ ದಿನಕ್ಕಿಂತ ಜಾಸ್ತಿ ಮಾರಿದ್ದೆ. ಇದರಲ್ಲಿ ಚಮತ್ಕಾರ ಏನಿಲ್ಲ. ಸೂಜಿ ಹಿಡಿದು ಕೂತವರಿಗೆ ದಾರ ನೆನಪಾಗುವುದು ದಾರ ಮುಗಿದಾಗ. ಪಕ್ಕದವರ ಕೈಯಲ್ಲಿ ನವಿಲು ಅರ್ಧ ಮೂಡಿರುವುದು ಕಂಡಾಗಲೇ ಆ ಕಿಟ್ ತಮಗೂ ಬೇಕು ಅನಿಸುವುದು. ಅಲ್ಲೇ ಕೂತಿದ್ದಕ್ಕೆ ಇನ್ನೊಂದು ಲಾಭವೂ ಆಯಿತು. ಸುಮಾರು ಜನ ಆರೂ ಎಳೆ ಹಾಗೇ ಪೋಣಿಸಿ, ದಾರ ಸಾಲಲ್ಲ ಅಂತ ಗೊಣಗುತ್ತಿದ್ದರು. ಒಂದು ಲಡಿ ಎಂಟು ಮೀಟರ್, ಅದರಲ್ಲಿ ಆರು ಎಳೆ. ಎರಡೆರಡು ಎಳೆ ಬಿಡಿಸಿಕೊಂಡರೆ ಇಪ್ಪತ್ನಾಲ್ಕು ಮೀಟರ್ ಹೊಲಿಯಬಹುದು ಅಂತ ತೋರಿಸಿಕೊಟ್ಟೆ. ದಾರ ಕಡಿಮೆ ಮಾರಿದೆ, ಕಿಟ್ ಜಾಸ್ತಿ ಮಾರಿದೆ.

ಪಾಠದ ಬಗ್ಗೆ ಹೇಳಬೇಕು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತೇವೆ. ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತೇವೆ. ಸರಿಯಾಗಿ ಬಂದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಗಂಟು ಹಾಕುವ ಹಾಗಿಲ್ಲ. ಹೇಳಲು ಸುಲಭ, ಆದರೆ ಕವಲು ಬಂದಲ್ಲಿ ಯಾವ ಕಡೆ ಮೊದಲು ಹೋಗಬೇಕು ಅನ್ನುವುದು ಕೈಹಿಡಿದು ತೋರಿಸಬೇಕಾದ ವಿಷಯ. ಅದಕ್ಕೇ ಹನ್ನೆರಡು ಜನ ಸಾಕು ಅಂದಿದ್ದೆ. ಸಂಘಟಕರು ಪೂರ್ತಿ ಗುಂಪನ್ನೇ ಕೂರಿಸಿದರು, ಮೂವತ್ತರ ಹತ್ತಿರ. ಹಿಂದಿನ ಸಾಲಿನವರಿಗೆ ನನ್ನ ಸೂಜಿ ಕಾಣುವ ಮಾತೇ ಇಲ್ಲ. ಹೊಸಬರಿಗೆ ಇಂಚಿಗೆ ಹದಿನಾಲ್ಕು ಚೌಕ ಇರುವ ಐಡಾ ಬಟ್ಟೆ ಕೊಟ್ಟಿದ್ದೆ. ಧಾರವಾಡದ ಹಿರಿಯರೊಬ್ಬರು ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. ಚೀಲದಿಂದ ಇಳಕಲ್ ಬಟ್ಟೆಯ ತುಂಡು ತೆಗೆದು, ಚಾರ್ಟ್ ಇಲ್ಲದೆ, ಎಳೆ ಎಣಿಸಿಕೊಂಡೇ ಗೋಪುರ ಎತ್ತಿದರು. ಶಿಖರಕ್ಕೆ ಬಂದಾಗ ಮಾತ್ರ ತುಟಿ ಅಲ್ಲಾಡುತ್ತಿತ್ತು. ಎರಡನೇ ಸಾಲಿನ ಆಚೆ ಇದ್ದವರನ್ನು ಅವರ ಹತ್ತಿರ ಕಳಿಸಿದೆ. ಹಾಗಾಗಿ ಪಾಠ ದಡ ಮುಟ್ಟಿತು.

ನನಗೆ ನಿಜಕ್ಕೂ ಬೇಜಾರಾದದ್ದು ಫೋಟೋ ವಿಷಯಕ್ಕೆ. ಚಾರ್ಟ್ ಕೈಗೆತ್ತಿಕೊಂಡು, ಮೊಬೈಲ್‌ನಲ್ಲಿ ಕ್ಲಿಕ್ ಮಾಡಿ, "ಚೆನ್ನಾಗಿದೆ ಮೇಡಂ" ಅಂತ ಅಲ್ಲೇ ಇಟ್ಟು ಹೋಗುತ್ತಾರೆ. ಗೋಪುರ, ತೇರು, ತುಳಸಿಕಟ್ಟೆ ನನ್ನ ಸ್ವತ್ತಲ್ಲ, ನಮ್ಮೆಲ್ಲರ ಅಜ್ಜಿಯರದ್ದು. ಆದರೆ ತೇರಿನ ಸಾಲನ್ನು ಸೆರಗಿನ ಅಗಲಕ್ಕೆ ಕೂರಿಸುವುದು, ಮೂಲೆ ತಿರುಗುವಲ್ಲಿ ಚಕ್ರ ತುಂಡಾಗದ ಹಾಗೆ ಲೆಕ್ಕ ಹಾಕುವುದು ಅಜ್ಜಿ ಮಾಡಿಟ್ಟದ್ದಲ್ಲ. ಅದಕ್ಕೆ ವಾರಗಟ್ಟಲೆ ಗ್ರಾಫ್ ಹಾಳೆ ಹರಿದಿದ್ದೇನೆ. ಬಂದ ದಿನವೇ ಸಂಘಟಕರು ಎಲ್ಲರೆದುರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿ ಅಂತ ಕೇಳಿದಾಗ ನಕ್ಕು ಸುಮ್ಮನಾದರು. ಈಗ ನಾನು ಚಾರ್ಟ್ ಕವರ್ ಒಳಗಿಟ್ಟು, ಹೊಲಿದ ಮಾದರಿ ಮಾತ್ರ ಹೊರಗಿಡುತ್ತೇನೆ.

ಇಡೀ ಶಿಬಿರದಲ್ಲಿ ನನಗೆ ಬಹಳ ಹಿಡಿಸಿದ್ದು ಯಲ್ಲಾಪುರ ಕಡೆಯಿಂದ ಬಂದ ಇಬ್ಬರು ಸಿದ್ದಿ ಸಮುದಾಯದ ಹೆಂಗಸರ ಕವಂದಿ ಪಾಠ. ಕವಂದಿ ಅಂದರೆ ತುಂಡು ಬಟ್ಟೆಯ ಕೌದಿ. ಹಳೆ ಸೀರೆ, ಲಂಗ, ಅಂಗಿಯ ತುಂಡುಗಳನ್ನು ಕೆಳಗಿನ ಬಟ್ಟೆಯ ಮೇಲೆ ಇಟ್ಟುಕೊಂಡು, ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತಾ ನಡುವಿಗೆ ಹೊಲಿದುಕೊಂಡು ಬರುತ್ತಾರೆ. ಅಳತೆ ಪಟ್ಟಿ ಇಲ್ಲ, ಫ್ರೇಮ್ ಇಲ್ಲ. ಮುಂದೆ ಯಾವ ತುಂಡು ಅನ್ನುವುದನ್ನು ಆಗಲೇ ನೋಡಿ ತೀರ್ಮಾನ ಮಾಡುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ತ್ರಿಕೋನ ಮಾಡಿ ಇಡುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದೆ ಕವಂದಿ ಮುಗಿದ ಹಾಗೇ ಅಲ್ಲವಂತೆ. ಬೆಂಗಳೂರಿನ ಹುಡುಗಿಯೊಬ್ಬಳು ತುಂಡುಗಳನ್ನು ಅಳೆದು ಚೌಕ ಚೌಕ ಕತ್ತರಿಸಿಟ್ಟಿದ್ದಳು. ಅವರಲ್ಲಿ ದೊಡ್ಡವರು ಅದನ್ನು ನೋಡಿ ನಕ್ಕರು, ಒಂದು ಚೌಕ ತೆಗೆದುಕೊಂಡು ಓರೆಯಾಗಿ ಇಟ್ಟು ಹೊಲಿದೇಬಿಟ್ಟರು. ಚೌಕಗಳನ್ನೇ ಎಣಿಸಿ ಬದುಕುವ ನನಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಇಷ್ಟಾಗಿ ಆ ಇಬ್ಬರಿಗೆ ಟೇಬಲ್ಲೇ ಇರಲಿಲ್ಲ. ತಂದಿದ್ದ ಕವಂದಿಗಳನ್ನು ಮೆಟ್ಟಿಲ ಮೇಲೆ ಚೀಲ ಬಿಚ್ಚಿ ಮಾರಿದರು. ಪೋಸ್ಟರ್‌ನಲ್ಲಿ ನಮ್ಮೆಲ್ಲರ ಹೆಸರಿತ್ತು, ಅವರದ್ದು "ಸಿದ್ದಿ ಕಲೆ" ಅಂತ ಮಾತ್ರ. ಟೇಬಲ್ ಬಾಡಿಗೆ ಕೊಡಲು ಆಗದವರಿಗೆ ಪುಕ್ಕಟೆ ಟೇಬಲ್ ಹಾಕಿದರೆ ಇಷ್ಟು ದೊಡ್ಡ ಶಿಬಿರಕ್ಕೆ ಏನು ನಷ್ಟ? ಮೆಟ್ಟಿಲ ಮೇಲಿದ್ದೂ ಅವರ ಮಾಲು ನಮ್ಮೆಲ್ಲರಿಗಿಂತ ಮೊದಲು ಖಾಲಿಯಾಯಿತು ಅನ್ನುವುದು ಬೇರೆ ಮಾತು.

ಊಟಕ್ಕೆ ತಕರಾರಿಲ್ಲ. ತಂಬುಳಿ, ಅಪ್ಪೆಹುಳಿ, ಕೊಟ್ಟೆ ಕಡುಬು, ಬೇಕಾದವರಿಗೆ ಮೀನು ಬೇರೆ ಪಂಕ್ತಿಯಲ್ಲಿ. ಮುರುಗಲು ಪಾನಕ ಮಾತ್ರ ಹೊಲಿಯುವ ಜಾಗಕ್ಕೆ ತರಬಾರದಿತ್ತು. ಬಿಳಿ ಐಡಾ ಮೇಲೆ ಬಿದ್ದರೆ ಏನಾಗುತ್ತದೆ ಅಂತ ಇಬ್ಬರಿಗೆ ಗೊತ್ತಾಯಿತು. ಕೋಣೆಗಳು ಚೊಕ್ಕ. ಮೊಬೈಲ್ ಸಿಗ್ನಲ್ ಸಿಗುವುದು ಬಾವಿಕಟ್ಟೆ ಹತ್ತಿರ ಮಾತ್ರ. ಸ್ಕ್ಯಾನ್ ಮಾಡಿ ದುಡ್ಡು ಹಾಕುವವರು ಅಲ್ಲಿಗೆ ಓಡಬೇಕು. ಹಾಗಾಗಿ ಚಿಲ್ಲರೆ ಇಟ್ಟುಕೊಂಡು ಹೋಗಿ.

ಘಟ್ಟದ ಮೇಲಿನಿಂದ ಬರುವ ಅಂಗಡಿಯವರಿಗೆ ಇನ್ನೊಂದು ಮಾತು. ಉಪ್ಪು ಗಾಳಿಗೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ಬಿಡಿ ಸೂಜಿಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಾತ್ರೆ ಬಾಟಲಿಯಲ್ಲಿ ಬರುವ ಸಿಲಿಕಾ ಪುಡಿಕೆ ಹಾಕಿ ಇಡಿ. ತುಕ್ಕಿನ ಸೂಜಿ ಕಾಟನ್ ಮೇಲೆ ಬಿಡುವ ಕಲೆ ಸುಲಭವಾಗಿ ಹೋಗುವುದಿಲ್ಲ. ಬೈಸಿಕೊಳ್ಳುವುದು ಮಾತ್ರ ಮಾರಿದವರು.

ಬಾಡಿಗೆ, ಹತ್ತರ ಪಾಲು, ಪೆಟ್ರೋಲ್ ಎಲ್ಲ ಕಳೆದು ಕೈಯಲ್ಲಿ ಸ್ವಲ್ಪ ಉಳಿಯಿತು. ಪಾಠದ ಸಂಭಾವನೆ ಇರದಿದ್ದರೆ ಉಳಿಯುತ್ತಿರಲಿಲ್ಲ. ಬರೀ ಮಾರಲು ಹೋಗುವವರಿಗೆ ಈ ದರ ಗಿಟ್ಟುವುದಿಲ್ಲ, ಖಂಡಿತ. ಆದರೆ ಅಲ್ಲಿ ಕಿಟ್ ಒಯ್ದವರಿಂದ ಈಗಲೂ ಆರ್ಡರ್ ಬರುತ್ತಿದೆ. ಮುಂದಿನ ವರ್ಷದ ಟೇಬಲ್‌ಗೆ ಮುಂಗಡ ಕಳಿಸಿ ಅಂತ ಸಂಘಟಕರು ಮೆಸೇಜ್ ಮಾಡಿದ್ದಾರೆ. ಜಗುಲಿ ಮೇಲೆ ಜಾಗ ಕೊಡ್ತೀರಾ, ಮೆಟ್ಟಿಲ ಮೇಲೆ ಕೂತವರಿಗೂ ಟೇಬಲ್ ಹಾಕ್ತೀರಾ ಅಂತ ವಾಪಸ್ ಕೇಳಿದ್ದೇನೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ.