ಬೆಳಕಿಗೆ ಪೂರ್ಣ ಅಂಕ, ಚಾರ್ಜಿಂಗಿಗೆ ಅರ್ಧ: ಹಬ್ ಡೈನಮೋದೊಂದಿಗೆ ದೂರದ ಸೈಕಲ್ ಪ್ರವಾಸಗಳು

ಗೆಳೆಯರ ಜೊತೆ ಹಳ್ಳಿಗಾಡಿನ ರಸ್ತೆಗಳಲ್ಲಿ ದಿನಗಟ್ಟಲೆ ಸೈಕಲ್ ತುಳಿಯುವಾಗ ನಾವು ಬಿಸಿಲು ಏರುವ ಮೊದಲೇ ಒಂದಷ್ಟು ದೂರ ಕ್ರಮಿಸಿಬಿಡಬೇಕೆಂದು ನಸುಕಿನಲ್ಲೇ ಹೊರಡುತ್ತೇವೆ. ಬ್ಯಾಟರಿ ದೀಪಗಳನ್ನು ನಂಬಿಕೊಂಡಿದ್ದ ಕಾಲದಲ್ಲಿ ಎರಡನೆಯ ದಿನವೋ ಮೂರನೆಯ ದಿನವೋ ಯಾರದಾದರೂ ಒಂದು ದೀಪ ಕೈಕೊಡುತ್ತಿತ್ತು. ಆ ಚಿಂತೆಯಿಂದ ಪಾರಾಗಲೆಂದೇ ನಾನು ಮುಂದಿನ ಚಕ್ರಕ್ಕೆ ಹಬ್ ಡೈನಮೋ, ಅಂದರೆ ಚಕ್ರದ ನಡುವಿನ ಹಬ್ಬಿನೊಳಗೇ ಕೂತು ಚಕ್ರ ತಿರುಗಿದಂತೆ ವಿದ್ಯುತ್ ತಯಾರಿಸುವ ಡೈನಮೋ, ಹಾಕಿಸಿದೆ. ಕೆಲವು ವರ್ಷಗಳ ಬಳಕೆಯ ನಂತರ ಹೇಳುವುದಾದರೆ, ದೀಪದ ವಿಷಯದಲ್ಲಿ ಅದು ನನ್ನ ನಿರೀಕ್ಷೆಯನ್ನು ಮೀರಿದೆ. ಫೋನ್ ಚಾರ್ಜ್ ಮಾಡುವ ವಿಷಯದಲ್ಲಿ ನಿರಾಸೆ ಮಾಡಿದೆ.

ಟಯರಿನ ಪಕ್ಕೆಗೆ ಒತ್ತಿಕೊಂಡು ಗುರ್ರೆನ್ನುತ್ತಿದ್ದ, ಮಳೆ ಬಂದರೆ ಜಾರುತ್ತಿದ್ದ ಹಳೆಯ ಡೈನಮೋವನ್ನು ಬಲ್ಲವರಿಗೆ ಇದರ ಮೌನವೇ ಮೊದಲ ಅಚ್ಚರಿ. ಅಯಸ್ಕಾಂತಗಳೂ ತಂತಿಯ ಸುರುಳಿಯೂ ಹಬ್ಬಿನ ಒಳಗೇ ಇರುವುದರಿಂದ ಉಜ್ಜುವ ಭಾಗವೇ ಇಲ್ಲ. ಅಂಗಡಿಯಲ್ಲಿ ಆಕ್ಸಲನ್ನು ಕೈಯಲ್ಲಿ ತಿರುಗಿಸಿ ನೋಡಿದವರು ಅದು ತಡೆತಡೆದು ತಿರುಗುವುದನ್ನು ಕಂಡು ಹಿಂಜರಿಯುತ್ತಾರೆ. ಆ ತಡೆ ಅಯಸ್ಕಾಂತಗಳ ಸೆಳೆತದ್ದು. ರಸ್ತೆಗಿಳಿದ ಮೇಲೆ ಅದು ಕಾಲಿಗೆ ಗೊತ್ತಾಗುವುದಿಲ್ಲ. ದೀಪ ಉರಿಯುವಾಗ ಕೆಲವು ವಾಟ್‌ಗಳಷ್ಟು ಹೆಚ್ಚಿನ ಶ್ರಮ ಬೇಕಾಗುವುದು ನಿಜ, ಆದರೆ ಎದುರುಗಾಳಿ ಬೀಸುವ ದಿನ ಅದನ್ನು ಲೆಕ್ಕಕ್ಕೆ ಹಿಡಿಯುವವರನ್ನು ನಾನು ಕಂಡಿಲ್ಲ.

ಗುಂಪಿನಲ್ಲಿ ಸಾಗುವಾಗ ಈ ದೀಪದ ಗುಣ ಇನ್ನಷ್ಟು ಎದ್ದು ಕಾಣುತ್ತದೆ. ಡೈನಮೋಗೆಂದೇ ತಯಾರಾದ ಒಳ್ಳೆಯ ಮುಂದೀಪಗಳಲ್ಲಿ ಬೆಳಕಿನ ಮೇಲಂಚು ಕತ್ತರಿಸಿದಂತೆ ನಿಲ್ಲುತ್ತದೆ. ರಸ್ತೆ ಅಗಲವಾಗಿ, ಒಂದೇ ಸಮನಾಗಿ ಬೆಳಗುತ್ತದೆ, ಎದುರಿನಿಂದ ಬರುವವರ ಕಣ್ಣಿಗಾಗಲಿ ಮುಂದೆ ಹೋಗುತ್ತಿರುವ ಗೆಳೆಯನ ಕನ್ನಡಿಗಾಗಲಿ ಬಡಿಯುವುದಿಲ್ಲ. ಹಿಂದಿನ ಕೆಂಪು ದೀಪ ಮಿಣುಕದೆ ಸ್ಥಿರವಾಗಿ ಉರಿಯುತ್ತದೆ. ಮಿಣುಕುವ ದೀಪದ ಹಿಂದೆ ಬಹಳ ಹೊತ್ತು ಸೈಕಲ್ ತುಳಿದವರಿಗೆ ಅದು ಕಣ್ಣನ್ನು ಎಷ್ಟು ದಣಿಸುತ್ತದೆ, ನಡುವಿನ ಅಂತರವನ್ನು ಅಂದಾಜು ಮಾಡುವುದು ಎಷ್ಟು ಕಷ್ಟ ಎಂಬುದು ತಿಳಿದೇ ಇರುತ್ತದೆ. ಕವಲುದಾರಿಯಲ್ಲಿ ಹಿಂದುಳಿದವರಿಗಾಗಿ ಕಾಯುವಾಗಲೂ ದೀಪದೊಳಗಿನ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತಿನಿಂದ ಕೆಲವು ನಿಮಿಷ ಮಂದ ಬೆಳಕು ಇದ್ದೇ ಇರುತ್ತದೆ. ದೂರದಿಂದ ಬರುವವರಿಗೆ ನಾವು ನಿಂತ ಜಾಗ ಕಾಣುತ್ತದೆ. ಪ್ರತಿ ಬೆಳಗ್ಗೆ ಬ್ಯಾಗುಗಳನ್ನು ಕ್ಯಾರಿಯರಿಗೆ ಸಿಕ್ಕಿಸಿದ ಮೇಲೆ ಹ್ಯಾಂಡಲ್ ಎತ್ತಿ ಮುಂದಿನ ಚಕ್ರವನ್ನು ಕೈಯಿಂದ ಒಮ್ಮೆ ಜೋರಾಗಿ ತಿರುಗಿಸುತ್ತೇನೆ. ಮುಂದಿನ ದೀಪ ಮೊದಲು ನಡುಗಿ, ಆಮೇಲೆ ಗಟ್ಟಿಯಾಗಿ ಹೊತ್ತಿಕೊಳ್ಳುತ್ತದೆ. ಬಗ್ಗಿ ನೋಡಿದರೆ ಹಿಂದಿನ ಮಡ್‌ಗಾರ್ಡಿನ ಮೇಲೂ ಕೆಂಪು ಮೂಡಿರುತ್ತದೆ. ಆ ಒಂದು ನೋಟ ಸಿಕ್ಕರೆ ಆ ದಿನ ಬೆಳಕಿನ ಬಗ್ಗೆ ಮತ್ತೆ ಯೋಚಿಸಬೇಕಾಗಿಲ್ಲ.

ಇನ್ನು ಚಾರ್ಜಿಂಗ್. ದಾರಿ ತೋರಿಸುವ ಫೋನಿಗೆ ತುಳಿಯುತ್ತಲೇ ವಿದ್ಯುತ್ ತುಂಬಬಹುದೆಂಬ ಮಾತು ಕೇಳಲು ಬಹಳ ಚೆನ್ನಾಗಿದೆ. ಆದರೆ ಸಾಮಾನ್ಯ ಹಬ್ ಡೈನಮೋದ ಲೆಕ್ಕ 6 ವೋಲ್ಟ್, 3 ವಾಟ್. ಅದೂ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗ ಇದ್ದರೆ. ಡೈನಮೋಗೆ ಜೋಡಿಸಿದ ಚಾರ್ಜರ್ ಅದನ್ನು ಯುಎಸ್‌ಬಿಯ 5 ವೋಲ್ಟಿಗೆ ಇಳಿಸುವಾಗ ಇನ್ನಷ್ಟು ನಷ್ಟವಾಗುತ್ತದೆ. ಒಬ್ಬನೇ ಸಮತಟ್ಟಾದ ರಸ್ತೆಯಲ್ಲಿ ಹೋಗುವಾಗ ಆ ವೇಗ ದೊಡ್ಡದಲ್ಲ. ಗುಂಪಿನ ವೇಗವೆಂದರೆ ಎಲ್ಲರಿಗಿಂತ ನಿಧಾನವಾಗಿ ಬರುವವರ ವೇಗ, ಮತ್ತು ಅದು ಹಾಗೆಯೇ ಇರಬೇಕು. ಸಾಮಾನು ಹೇರಿಕೊಂಡು ಏರು ಹತ್ತುವಾಗ ಗಂಟೆಗೆ 7–8 ಕಿಲೋಮೀಟರ್ ಬಂದರೆ ಹೆಚ್ಚು; ಆಗ ಚಾರ್ಜರ್ ನಿಂತೇಹೋಗುತ್ತದೆ. ಇಳಿಜಾರು ಬಂದರೆ ಶುರುವಾಗುತ್ತದೆ, ತಿರುವಿನಲ್ಲಿ ಬ್ರೇಕ್ ಹಿಡಿದರೆ ಮತ್ತೆ ನಿಲ್ಲುತ್ತದೆ. ಪ್ರತಿ ಸಲ ಸಂಪರ್ಕ ಕಡಿದು ಕೂಡಿದಾಗಲೂ ಫೋನಿನ ಪರದೆ ತಾನಾಗಿ ಬೆಳಗುತ್ತದೆ, ಸದ್ದು ಮಾಡುತ್ತದೆ, ಬಂದ ಅಲ್ಪ ವಿದ್ಯುತ್ತನ್ನು ತಾನೇ ತಿಂದುಹಾಕುತ್ತದೆ. ಗುಡ್ಡಗಾಡಿನಲ್ಲಿ ಇಡೀ ದಿನ ತುಳಿದು ಸಂಜೆ ತಲುಪಿದಾಗ ಫೋನಿನಲ್ಲಿ ಬೆಳಗ್ಗೆಗಿಂತ ಕಡಿಮೆ ಚಾರ್ಜ್ ಉಳಿದಿದ್ದನ್ನು ಕಂಡು ನನಗೆ ನಿಜವಾಗಿಯೂ ಬೇಸರವಾಗಿತ್ತು. ಮಾರುವವರು ಇಷ್ಟನ್ನಾದರೂ ಮೊದಲೇ ಸ್ಪಷ್ಟವಾಗಿ ಹೇಳಬೇಕು.

ಚಾರ್ಜರಿಗೂ ಫೋನಿಗೂ ನಡುವೆ ಚಿಕ್ಕ ಪವರ್ ಬ್ಯಾಂಕ್ ಒಂದನ್ನು ಇರಿಸಿದ ಮೇಲೆ ಕೋಪ ಸ್ವಲ್ಪ ತಗ್ಗಿತು. ಏರಿಳಿತವನ್ನೆಲ್ಲ ಅದು ನುಂಗಿಕೊಳ್ಳುತ್ತದೆ. ಫೋನನ್ನು ಮಧ್ಯಾಹ್ನದ ವಿಶ್ರಾಂತಿಯಲ್ಲಿ ಅದಕ್ಕೆ ಸಿಕ್ಕಿಸಿದರೆ ಸಾಕು. ಆದರೆ ಎಲ್ಲ ಪವರ್ ಬ್ಯಾಂಕುಗಳೂ ಇಷ್ಟು ಕ್ಷೀಣವಾದ, ಬಿಟ್ಟುಬಿಟ್ಟು ಬರುವ ವಿದ್ಯುತ್ತನ್ನು ಸ್ವೀಕರಿಸುವುದಿಲ್ಲ, ಆದ್ದರಿಂದ ಪ್ರವಾಸಕ್ಕೆ ಮೊದಲೇ ಪರೀಕ್ಷಿಸಿ ನೋಡಬೇಕು. ಸಾಧಾರಣ ವೇಗದಲ್ಲಿ ದೀಪ ಮತ್ತು ಚಾರ್ಜಿಂಗ್ ಎರಡೂ ಒಟ್ಟಿಗೆ ನಡೆಯುವುದಿಲ್ಲ: ನಸುಕಿಗೆ ದೀಪ, ಹಗಲಿಗೆ ಚಾರ್ಜರ್ ಎಂದು ಹಂಚಿಕೊಳ್ಳುವುದೇ ಸರಿ. ಉಳಿದುಕೊಳ್ಳುವ ಕೋಣೆಯಲ್ಲಿ ಒಂದೇ ಪ್ಲಗ್ ಪಾಯಿಂಟಿಗೆ ಎಲ್ಲರೂ ಕಾದು ನಿಲ್ಲುವ ಸಂಜೆ ನಾನು ಸರದಿಯಿಂದ ಹೊರಗಿರುತ್ತೇನೆ ಎಂಬುದು ಸಣ್ಣ ಅನುಕೂಲವಲ್ಲ.

ಪಂಕ್ಚರಿನ ವಿಷಯದಲ್ಲಿ ಜೊತೆಗಾರರಿಗೆ ಒಂದು ಮಾತು ಮೊದಲೇ ಹೇಳಿಡಬೇಕು. ಚಕ್ರ ಬಿಚ್ಚುವ ಮುನ್ನ ಆಕ್ಸಲ್ ಬಳಿಯ ಕನೆಕ್ಟರನ್ನು ಕಳಚದಿದ್ದರೆ ತಂತಿ ಕಿತ್ತುಬರುತ್ತದೆ, ಮತ್ತು ಸಹಾಯಕ್ಕೆ ಧಾವಿಸುವ ಗೆಳೆಯರಿಗೆ ಸಾಮಾನ್ಯವಾಗಿ ಅದು ಗೊತ್ತಿರುವುದಿಲ್ಲ. ಬೇರಿಂಗ್ ಸವೆದರೆ ಹಬ್ಬನ್ನು ದಾರಿಯಲ್ಲಿ ಸಿಗುವ ಸೈಕಲ್ ಅಂಗಡಿಯಲ್ಲಿ ಬಿಚ್ಚಿಸಬಾರದು. ಒಳಗಿನ ಸುರುಳಿಯ ತಂತಿ ತುಂಡಾದರೆ ರಿಪೇರಿ ಮಾಡುವುದು ಸುಲಭವಲ್ಲ.

ಹಬ್, ಹೊಸದಾಗಿ ಕಟ್ಟಿಸಿದ ಚಕ್ರ, ಎರಡು ದೀಪ, ಚಾರ್ಜರ್ ಎಲ್ಲ ಸೇರಿದರೆ ಖರ್ಚು ಒಳ್ಳೆಯ ಬ್ಯಾಟರಿ ದೀಪದ ಹಲವು ಪಟ್ಟಾಗುತ್ತದೆ. ಅಳೆದು ಖರ್ಚು ಮಾಡುವ ನನ್ನಂಥವರಿಗೆ ಹಬ್ಬನ್ನೂ ದೀಪಗಳನ್ನೂ ಮೊದಲು ಕೊಂಡು, ಚಾರ್ಜರನ್ನು ಕೈಬಿಟ್ಟು, ಆ ಹಣದಲ್ಲಿ ದೊಡ್ಡ ಪವರ್ ಬ್ಯಾಂಕ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ವರ್ಷಕ್ಕೊಮ್ಮೆ ಮಾತ್ರ ಪ್ರವಾಸ ಹೊರಟು ಕತ್ತಲಾಗುವ ಮೊದಲೇ ತಂಗುವವರಿಗೆ ಇದು ಬೇಡ. ಕೊಳ್ಳುವವರು ಹಬ್ಬಿನ ಸ್ಪೋಕ್ ತೂತುಗಳು 32 ಇವೆಯೋ 36 ಇವೆಯೋ, ರಿಮ್ಮಿಗೆ ಅದು ಹೊಂದುತ್ತದೆಯೋ, ಆಕ್ಸಲ್ ನಿಮ್ಮ ಫೋರ್ಕಿಗೆ ಕೂರುತ್ತದೆಯೋ, ಬ್ರೇಕ್ ಡಿಸ್ಕ್ ಆಗಿದ್ದರೆ ಅದಕ್ಕೆ ತಕ್ಕ ಮಾದರಿಯೋ ಎಂಬುದನ್ನು ಖಚಿತಪಡಿಸಿಕೊಂಡೇ ಹಣ ಕೊಡಿ.