ಪಿಪೆಟ್, ಎಎಫ್‌ಎಂ, ಲೇಸರ್: ಎರಡಾಗುತ್ತಿರುವ ಕೋಶದ ಬಿಗಿತ ಅಳೆಯಲು ಯಾವುದು?

ಧಾರವಾಡದಲ್ಲಿ ಕೂತು ಈ ಕೆಲಸ ಶುರು ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕಡಿಮೆ ಇದ್ದರೆ ಪಿಪೆಟ್, ಅಂದರೆ ಕೋಶವನ್ನು ಹೀರುವ ಸಣ್ಣ ಗಾಜಿನ ಕೊಳವೆ, ಹಿಡಿಯಿರಿ. ನಿಮ್ಮ ಸಂಖ್ಯೆಯ ಮೇಲೆ ಯಾರಾದರೂ ಜಗಳಕ್ಕೆ ಬರುವ ಹಾಗಿದ್ದರೆ ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಸಣ್ಣ ಪಟ್ಟಿಯಿಂದ ಕೋಶವನ್ನು ಒತ್ತಿ ಬಲ ಅಳೆಯುವ ಉಪಕರಣ). ಕೋಶದ ಯಾವ ಭಾಗ ಜಾಸ್ತಿ ಬಿಗಿಯಾಗಿದೆ ಅಂತಷ್ಟೇ ತಿಳಿಯಬೇಕಿದ್ದರೆ ಲೇಸರ್. ಮೂರನ್ನೂ ಬಳಸಿದ್ದೇನೆ. ಮೂರೂ ಒಂದನ್ನೇ ಅಳೆಯುತ್ತವೆ ಅಂತ ನಂಬಿದವರು ಬಹಳ ಜನ ಇದ್ದಾರೆ, ಆದರೆ ಹಾಗಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರಾಣಿಕೋಶದ ಪೊರೆಯ ಒಳಮೈಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ತೆಳು ಜಾಲ ಅಂಟಿಕೊಂಡಿರುತ್ತದೆ, ದಪ್ಪ ಸುಮಾರು ಇನ್ನೂರು ನ್ಯಾನೋಮೀಟರ್. ಅದೇ ಕಾರ್ಟೆಕ್ಸ್. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಸದಾ ಎಳೆಯುತ್ತಿರುತ್ತದೆ. ಈ ಎಳೆತವನ್ನೇ ನಾನು ಬಿಗಿತ ಅನ್ನುವುದು. ವಿಭಜನೆಗೆ ಮುಂಚೆ ಚಪ್ಪಟೆ ಕೋಶ ಗುಂಡಗಾಗುತ್ತದಲ್ಲ, ಆಗ ಈ ಎಳೆತ ಏರುತ್ತದೆ. ಲ್ಯಾಬಿನಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳಲ್ಲಿ 2014ರಲ್ಲಿ ಪ್ರಕಟವಾದ ಅಳತೆ ಪ್ರಕಾರ ಮೈಟೋಸಿಸ್‌ನಲ್ಲಿ (ವಿಭಜನೆಯ ಹಂತದಲ್ಲಿ) ಮೀಟರಿಗೆ ಸುಮಾರು 1.6 ಮಿಲಿನ್ಯೂಟನ್, ವಿಭಜನೆ ಇಲ್ಲದ ಹಂತದಲ್ಲಿ ಸುಮಾರು 0.2.

ಪಿಪೆಟ್ ಹಳೆಯ ದಾರಿ. 1954ರಲ್ಲೇ ಮಿಚಿಸನ್ ಮತ್ತು ಸ್ವಾನ್ ಕಡಲ ಅರ್ಚಿನ್ ಮೊಟ್ಟೆಗಳನ್ನು ಹೀಗೆ ಗಾಜಿನ ಕೊಳವೆಯಲ್ಲಿ ಹೀರಿ ನೋಡಿದ್ದರು. ಒಳಗೆ ಹೋದ ಕೋಶದ ನಾಲಿಗೆ ಅರ್ಧಗೋಳದ ಆಕಾರಕ್ಕೆ ಬರುವಾಗ ಎಷ್ಟು ಒತ್ತಡ ಬೇಕಾಯಿತು ಅಂತ ನೋಡಿ, ಒತ್ತಡ, ತ್ರಿಜ್ಯ, ಬಿಗಿತಗಳನ್ನು ಜೋಡಿಸುವ ಲಾಪ್ಲಾಸ್ ಸೂತ್ರಕ್ಕೆ ಹಾಕಿದರೆ ಬಿಗಿತ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: ಪಿಪೆಟ್ಟಿನ ತ್ರಿಜ್ಯ 4 ಮೈಕ್ರೋಮೀಟರ್, ಕೋಶದ್ದು 9, ಬಿಗಿತ 1.6 ಅಂದರೆ ಬೇಕಾಗುವುದು 440 ಪಾಸ್ಕಲ್ ಆಸುಪಾಸು, ಅಂದರೆ ಪಿಪೆಟ್ಟಿಗೆ ಜೋಡಿಸಿದ ನೀರಿನ ತೊಟ್ಟಿಯನ್ನು ನಾಲ್ಕೂವರೆ ಸೆಂಟಿಮೀಟರ್ ಇಳಿಸಿದರೆ ಸಾಕು! ಪಂಪು ಬೇಡ, ಒಂದು ಸ್ಟ್ಯಾಂಡು, ಒಂದು ಸ್ಕೇಲು, ಒಳ್ಳೆಯ ಮೈಕ್ರೋಸ್ಕೋಪು ಇದ್ದರೆ ಆಯಿತು. ಕರೆಂಟು ಹೋದರೂ ನೀರಿನ ಒತ್ತಡ ಹೋಗುವುದಿಲ್ಲ ಅನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ.

ತೊಂದರೆ ಶೂನ್ಯದ್ದು, ಅಂದರೆ ಹೀರುವ ಒತ್ತಡವೇ ಇಲ್ಲದ ಮಟ್ಟ ಯಾವುದು ಅನ್ನುವುದು. ಏಪ್ರಿಲ್‌ನ ಒಣ ಗಾಳಿಯಲ್ಲಿ ತೊಟ್ಟಿಯ ನೀರು ಆವಿಯಾಗಿ ಮಟ್ಟ ಸರಿದುಬಿಡುತ್ತದೆ, ವಿಭಜನೆ ಆಗದ ಕೋಶದ ಮಟ್ಟಿಗೆ ಒಂದೆರಡು ಮಿಲಿಮೀಟರ್ ಅಂದರೆ ಭಾರೀ ತಪ್ಪು. ಪಿಪೆಟ್ಟಿನ ಬಾಯಿಯ ಹತ್ತಿರ ತೇಲುವ ಕಣವೊಂದು ಒಳಗೂ ಹೋಗದೆ ಹೊರಗೂ ಬರದೆ ನಿಲ್ಲುತ್ತದಾ ಅಂತ ಪ್ರತಿ ಕೋಶಕ್ಕೂ ಮುಂಚೆ ನೋಡಬೇಕು. ಗಾಜಿಗೆ ಬಿಎಸ್‌ಎ ಎಂಬ ಪ್ರೋಟೀನಿನ ಲೇಪ ಇಲ್ಲದಿದ್ದರೆ ಕೋಶ ಅಂಟುತ್ತದೆ. ಇನ್ನೂ ದೊಡ್ಡ ಮೋಸ ಬ್ಲೆಬ್: ಜೋರಾಗಿ ಹೀರಿದರೆ ಪೊರೆ ಮಾತ್ರ ಕಾರ್ಟೆಕ್ಸಿನಿಂದ ಕಿತ್ತು ಒಳಗೆ ಬರುತ್ತದೆ. ಆಕ್ಟಿನ್‌ಗೆ ಬಣ್ಣ ಹಾಕಿರದಿದ್ದರೆ ಇದು ಕಣ್ಣಿಗೆ ಕಾಣುವುದೇ ಇಲ್ಲ.

ಎಎಫ್‌ಎಂ ವಿಷಯದಲ್ಲಿ ಜನ ಸುಮ್ನೆ ಚೂಪು ತುದಿಯಿಂದ ಚುಚ್ಚಿ, ಕೋಶವನ್ನು ಗಟ್ಟಿ ಉಂಡೆಯೆಂದು ಭಾವಿಸುವ ಹರ್ಟ್ಸ್ ಮಾದರಿ ಹಚ್ಚಿ, ಯಂಗ್ ಮಾಡ್ಯುಲಸ್ (ವಸ್ತುವಿನ ಗಡಸುತನದ ಅಳತೆ) ಬರೆದುಬಿಡುತ್ತಾರೆ. ಗುಂಡಗಾದ ಕೋಶಕ್ಕೆ ಇದು ನನಗೆ ಒಪ್ಪಿಗೆಯಿಲ್ಲ. ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಬೆರಳಿಂದ ಒತ್ತಿ ನೋಡಿ: ತಿರುಗಿ ಒತ್ತುವುದು ಒಳಗಿನ ಗಾಳಿ ಮತ್ತು ಹಿಗ್ಗಿದ ರಬ್ಬರು, ಟ್ಯೂಬೇನು ಗಟ್ಟಿ ಉಂಡೆಯಲ್ಲ, ಅಲ್ವಾ? ಹಾಗಾಗಿ ತುದಿಯಿಲ್ಲದ ಕ್ಯಾಂಟಿಲಿವರ್‌ಗೆ (ಎಎಫ್‌ಎಂನ ಬಾಗುವ ಪಟ್ಟಿಗೆ) ಬೆಣೆ ಅಂಟಿಸಿ, ತಳಕ್ಕೆ ಸಮಾನಾಂತರ ಮಾಡಿ, ಇಡೀ ಕೋಶವನ್ನು ಒತ್ತುವುದೇ ಸರಿ. ಬೆಣೆ ಇಲ್ಲದೆ ಕ್ಯಾಂಟಿಲಿವರ್ ಓರೆಯಾಗಿರುತ್ತದೆ, ಕೋಶ ಪಕ್ಕಕ್ಕೆ ಜಾರುತ್ತದೆ. ಒತ್ತಿದ ತಕ್ಷಣ ಬಲ ಏರಿ, ಆಮೇಲೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ನಿಂತ ಮಟ್ಟವೇ ಬೇಕಾದದ್ದು. ಕ್ಯಾಂಟಿಲಿವರನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಕಾರ್ಟೆಕ್ಸ್ ಎಷ್ಟು ಸ್ಪ್ರಿಂಗಿನಂತೆ, ಎಷ್ಟು ದ್ರವದಂತೆ ನಡೆದುಕೊಳ್ಳುತ್ತದೆ ಅಂತಲೂ ತಿಳಿಯುತ್ತದೆ. ಪಿಪೆಟ್‌ನಲ್ಲಿ ಇದನ್ನು ತೆಗೆಯುವುದು ಬಹಳ ಕಷ್ಟ. ಆದರೆ ಉಪಕರಣ ದುಬಾರಿ, ಹುಬ್ಬಳ್ಳಿ ರಸ್ತೆಯ ಲಾರಿಗಳ ಅದುರು ಗ್ರಾಫಿನಲ್ಲಿ ಬರುತ್ತದೆ, ರಾತ್ರಿ ಕೆಲಸ ಮಾಡುವುದು ಖಾಯಂ.

ಲೇಸರನ್ನು ಬೇರೆ ಊರಿನ ಲ್ಯಾಬಿನಲ್ಲಿ, ಸಿ. ಎಲೆಗನ್ಸ್ ಹುಳದ ಒಂದೇ ಕೋಶದ ಭ್ರೂಣದ ಮೇಲೆ ಬಳಸಿದೆ. ಕಾರ್ಟೆಕ್ಸನ್ನು ಸಣ್ಣಗೆ ಕತ್ತರಿಸಿ, ಅಂಚುಗಳು ಎಷ್ಟು ವೇಗವಾಗಿ ದೂರ ಸರಿಯುತ್ತವೆ ಅಂತ ನೋಡುವುದು. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಕತ್ತರಿಸಿದರೆ ಎಳೆತ ಯಾವ ದಿಕ್ಕಿಗೆ ಜಾಸ್ತಿ ಅಂತ ತಿಳಿಯುತ್ತದೆ, ಉಳಿದೆರಡು ಇದನ್ನು ಹೇಳಲಾರವು. ಆದರೆ ವೇಗ ಬಿಗಿತವನ್ನಷ್ಟೇ ಅಲ್ಲ, ಘರ್ಷಣೆಯನ್ನೂ ಅವಲಂಬಿಸಿದೆ. ಆದ್ದರಿಂದ ನ್ಯೂಟನ್ ಲೆಕ್ಕ ಕೇಳಬೇಡಿ, ಹೋಲಿಕೆ ಮಾತ್ರ ಕೇಳಿ.

ಕೋಶ ಎರಡಾಗಲು ನಡುವೆ ಸೊಂಟ ಕಟ್ಟುವ ಹಂತಕ್ಕೆ ಬಂದರೆ ಮೂರಕ್ಕೂ ಸಮಯ ಸಾಲದು, ಕೆಲವೇ ನಿಮಿಷದಲ್ಲಿ ಆಕಾರ ಬದಲಾಗಿಬಿಡುತ್ತದೆ. 1967ರಲ್ಲಿ ರ‍್ಯಾಪಪೋರ್ಟ್ ದೊಡ್ಡ ಮೊಟ್ಟೆಗಳಲ್ಲಿ ಗಾಜಿನ ಸೂಜಿ ಬಾಗುವುದನ್ನು ನೋಡಿ ಆ ಸೊಂಟದ ಬಲ ಅಳೆದಿದ್ದರು, ಸಣ್ಣ ಕೋಶಕ್ಕೆ ಅದು ಸುಲಭವಲ್ಲ. ಗುಂಡಗಿರುವ ಹಂತವಾದರೆ ಎಸ್‌ಟಿಸಿ ಎಂಬ ವಿಭಜನೆ ತಡೆಯುವ ರಾಸಾಯನಿಕ ಹಾಕಿ ಕೋಶವನ್ನು ಅಲ್ಲೇ ತಡೆಯಬಹುದು, ಪಿಪೆಟ್‌ಗೂ ಎಎಫ್‌ಎಂಗೂ ನಾನು ಹಾಗೇ ಮಾಡಿದೆ.

ಇನ್ನೊಂದು, ಯಾವುದನ್ನೇ ಆರಿಸಿದರೂ ಮಯೋಸಿನ್ ನಿಲ್ಲಿಸಿ ಒಂದು ಸಲ ಅಳೆಯಿರಿ, ಬಿಗಿತ ಇಳಿಯದಿದ್ದರೆ ನೀವು ಅಳೆಯುತ್ತಿರುವುದು ಬೇರೇನೋ. ಮಯೋಸಿನ್ ನಿಲ್ಲಿಸುವ ಔಷಧ ಬ್ಲೆಬಿಸ್ಟಾಟಿನ್ ಬಳಸುವಾಗ ನೀಲಿ ಬೆಳಕು ತಾಕಬಾರದು, ಔಷಧವೂ ಕೆಡುತ್ತದೆ, ಕೋಶವೂ ಸಾಯುತ್ತದೆ. ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನನ್ನು ನೋಡಲೇಬೇಕಾದವರು ಆ ಬೆಳಕಿಗೆ ಕೆಡದ ಪ್ಯಾರಾ-ನೈಟ್ರೋ ರೂಪವನ್ನು ತರಿಸಿಕೊಳ್ಳಿ.